ತೋಟದ ಬಸಿಗಾಲುವೆ: ಮಣ್ಣಿನೊಳಗೆ ಹರಿಯುವ ನೀರಿನ ಲೆಕ್ಕ

ಮಳೆಗಾಲದಲ್ಲಿ ತೋಟದ ಮಣ್ಣಿನಲ್ಲಿ ನಿಲ್ಲುವ ಹೆಚ್ಚಿನ ನೀರನ್ನು ಹೊರಗೆ ಸಾಗಿಸಲು ತೆಗೆಯುವ ಕಣಿಯೇ ಬಸಿಗಾಲುವೆ. ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಇದಕ್ಕೆ ಉಜಿರು ಕಣಿ ಎನ್ನುವುದೂ ಉಂಟು. ಕೃಷಿಭವನದ ಮಲಯಾಳ ಕಾಗದಗಳಲ್ಲಿ ‘ನೀರ್‌ವಾರ್ಚ’ ಎಂದು ಬರುವುದು ಈ ಬಸಿಯುವಿಕೆಯೇ.

ಕಣಿ ಬೇಕು ಎಂಬುದು ಎಲ್ಲ ಕೃಷಿಕರಿಗೂ ಗೊತ್ತು. ಎಷ್ಟು ಸಾಲಿಗೊಂದು ಕಣಿ, ಎಷ್ಟು ಆಳ ಎಂಬಲ್ಲಿ ಮಾತ್ರ ಸಾಮಾನ್ಯವಾಗಿ ನೆರೆಯ ತೋಟವನ್ನು ನೋಡಿ ತೀರ್ಮಾನಿಸಲಾಗುತ್ತದೆ. ನೆರೆಯ ತೋಟದ ಮಣ್ಣು ನಮ್ಮದರಂತೆಯೇ ಇರಬೇಕೆಂದಿಲ್ಲ. ಕಣಿ ದೂರವಾದರೆ ಮರದ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಗತ್ಯಕ್ಕಿಂತ ಹತ್ತಿರ ಅಥವಾ ಆಳವಾದರೆ ಯಂತ್ರದ ಬಾಡಿಗೆ ವ್ಯರ್ಥವಾಗುವುದಲ್ಲದೆ, ಬೇಸಿಗೆಗೆ ಉಳಿಯಬೇಕಾದ ನೀರೂ ತೋಡಿಗೆ ಹರಿದು ಹೋಗುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬಿದ್ದರೂ ಮಾರ್ಚ್-ಏಪ್ರಿಲ್‌ನಲ್ಲಿ ಬಾವಿ ಬತ್ತುವ ಈ ಜಿಲ್ಲೆಯಲ್ಲಿ ಎರಡನೆಯ ನಷ್ಟ ಚಿಕ್ಕದಲ್ಲ.

ಇದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಒಂದು ಗುಳಿ, ಒಂದು ಅಳತೆ ಟೇಪು, ಒಂದು ಗಡಿಯಾರ ಮತ್ತು ಶಾಲೆಯಲ್ಲಿ ಕಲಿತ ಗುಣಾಕಾರ-ಭಾಗಾಕಾರ ಇದ್ದರೆ ಲೆಕ್ಕ ಸಾಧ್ಯ. ವಿಧಾನ ಹೀಗಿದೆ.

ಡಾರ್ಸಿ ನಿಯಮ

ಮಣ್ಣಿನೊಳಗಿನ ನೀರಿನ ಲೆಕ್ಕಕ್ಕೆ ಮೂಲ ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮ. ದಿಜೋನ್ ನಗರದ ನೀರು ಸರಬರಾಜಿನ ಕೆಲಸದಲ್ಲಿದ್ದ ಅವರು ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ, ಎಷ್ಟು ಹೊತ್ತಿಗೆ ಎಷ್ಟು ನೀರು ಹೊರಬರುತ್ತದೆ ಎಂದು ಅಳೆದರು. ಅವರು ಕಂಡುಕೊಂಡದ್ದು ಇದು:

ಹರಿವು = ಜಲವಾಹಕತೆ × ಅಡ್ಡಕೊಯ್ತದ ವಿಸ್ತೀರ್ಣ × (ನೀರಿನ ಮಟ್ಟಗಳ ವ್ಯತ್ಯಾಸ ÷ ಹರಿದ ದೂರ)

ಜಲವಾಹಕತೆ ಎಂದರೆ ಮಣ್ಣು ತನ್ನ ಮೂಲಕ ನೀರನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದರ ಅಳತೆ. ಇದನ್ನು ದಿನಕ್ಕೆ ಇಷ್ಟು ಮೀಟರ್ ಎಂದು ಹೇಳುತ್ತಾರೆ. ಅಡ್ಡಕೊಯ್ತದ ವಿಸ್ತೀರ್ಣವೆಂದರೆ ನೀರು ಹಾದುಹೋಗುವ ಮಣ್ಣಿನ ಪದರದ ದಪ್ಪ ಮತ್ತು ಅಗಲದ ಗುಣಲಬ್ಧ. ಕೊನೆಯ ಭಾಗವನ್ನು ನೀರಿನ ಮಟ್ಟದ ಇಳಿಜಾರು ಎಂದು ತಿಳಿಯಬಹುದು.

ನಮ್ಮ ಸುರಂಗಗಳಿಗೂ ಇದೇ ನಿಯಮ. ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ಕಡೆಗೆ ಸುತ್ತಲಿನ ಮಣ್ಣಿನ ನೀರು ಇಳಿಯುತ್ತದೆ, ಏಕೆಂದರೆ ಸುರಂಗದ ತಳ ಆ ನೀರಿನ ಮಟ್ಟಕ್ಕಿಂತ ಕೆಳಗಿದೆ. ಸುರಂಗದಲ್ಲಿ ನೀರು ನಮಗೆ ಬೇಕು, ಕಣಿಯಲ್ಲಿ ಅದು ಹೋಗಬೇಕು, ಅಷ್ಟೇ ವ್ಯತ್ಯಾಸ.

ಒಂದು ಸರಳ ಉದಾಹರಣೆ. ಗುಡ್ಡದ ಬುಡದಲ್ಲಿ 60 ಮೀಟರ್ ಉದ್ದಕ್ಕೆ ತೋಟವಿದೆ. ಗುಡ್ಡದ ಕಡೆಯಿಂದ 1.5 ಮೀಟರ್ ದಪ್ಪದ ಮಣ್ಣಿನ ಪದರದ ಮೂಲಕ ನೀರು ಜಿನುಗುತ್ತದೆ. ಜಲವಾಹಕತೆ ದಿನಕ್ಕೆ 1 ಮೀಟರ್. ನೀರಿನ ಮಟ್ಟ 100 ಮೀಟರಿಗೆ 8 ಮೀಟರ್ ಇಳಿಯುತ್ತದೆ, ಅಂದರೆ ಇಳಿಜಾರು 0.08.

ಹರಿವು = 1 × (1.5 × 60) × 0.08 = ದಿನಕ್ಕೆ 7.2 ಘನ ಮೀಟರ್, ಅಂದರೆ 7200 ಲೀಟರ್.

ಮಳೆ ನಿಂತ ದಿನವೂ ಈ ನೀರು ತೋಟಕ್ಕೆ ಬರುತ್ತಲೇ ಇರುತ್ತದೆ. ತೋಟದೊಳಗೆ ಎಷ್ಟು ಕಣಿ ತೆಗೆದರೂ ಮೇಲಿನ ಸಾಲಿನ ಬುಡ ಒಣಗುವುದಿಲ್ಲ ಎಂಬಲ್ಲಿ ಕಾರಣ ಸಾಮಾನ್ಯವಾಗಿ ಇದೇ. ಅಲ್ಲಿ ಗುಡ್ಡ ಮತ್ತು ತೋಟದ ನಡುವೆ ಅಡ್ಡಲಾಗಿ ಒಂದು ತಡೆಗಣಿ ಬೇಕು. ಅದರ ತಳ ಸಾಧ್ಯವಾದಷ್ಟು ನೀರು ಇಳಿಯದ ಗಟ್ಟಿ ಪದರದವರೆಗೆ ಹೋಗಿರಬೇಕು.

ಜಲವಾಹಕತೆಯನ್ನು ಅಳೆಯುವುದು

ಪುಸ್ತಕಗಳಲ್ಲಿ ಮಣ್ಣಿನ ಜಾತಿಗೆ ತಕ್ಕಂತೆ ಅಂದಾಜು ಅಂಕೆಗಳು ಸಿಗುತ್ತವೆ (ದಿನಕ್ಕೆ ಮೀಟರ್):

- ದೊಡ್ಡ ಕಾಳಿನ ಮರಳು: 10ರಿಂದ 50
- ಮಧ್ಯಮ ಮರಳು: 1ರಿಂದ 5
- ಮರಳು ಮಿಶ್ರಿತ ಗೋಡು: 1ರಿಂದ 3
- ಗೋಡು, ಹೆಂಟೆ ಚೆನ್ನಾಗಿ ಒಡೆಯುವ ಜೇಡಿ: 0.5ರಿಂದ 2
- ಹೆಂಟೆ ಒಡೆಯದ ಅಂಟು ಜೇಡಿ: 0.002ರಿಂದ 0.2

ಒಂದೇ ಹೆಸರಿನ ಮಣ್ಣಿನಲ್ಲೂ ಎಷ್ಟು ಅಂತರವಿದೆ ಎಂಬುದನ್ನು ಗಮನಿಸಿ. ಆದ್ದರಿಂದ ಹೆಸರು ಸಾಲದು, ತೋಟದಲ್ಲೇ ಅಳೆಯಬೇಕು. ಇದಕ್ಕೆ ಗುಳಿ ವಿಧಾನ ಸುಲಭ. ಮಣ್ಣಿನಲ್ಲಿ ನೀರು ನಿಂತಿರುವ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ, ಮಳೆ ಬಿಡುವು ಕೊಟ್ಟ ದಿನ ಮಾಡಬೇಕು.

1. ಆಗರ್ ಎಂಬ ಮಣ್ಣು ಕೊರೆಯುವ ಬೈರಿಗೆಯಿಂದ 8 ಸೆಂ.ಮೀ. ಅಗಲದ ನೇರ ಗುಳಿ ಕೊರೆಯಿರಿ. ನೀರಿನ ಮಟ್ಟಕ್ಕಿಂತ ಸುಮಾರು 1 ಮೀಟರ್ ಕೆಳಗೆ ಹೋಗಲಿ.

2. ಒಂದು ರಾತ್ರಿ ಬಿಡಿ. ಗುಳಿಯಲ್ಲಿ ನೀರು ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗುಳಿಯ ಬಾಯಿಗೆ ಅಡ್ಡ ಬಿದಿರು ಇಟ್ಟು ಅಲ್ಲಿಂದ ನೀರಿನವರೆಗಿನ ಆಳವನ್ನು ಬರೆದಿಡಿ.

3. ಕೋಲಿಗೆ ಕಟ್ಟಿದ ಡಬ್ಬಿಯಿಂದ ನೀರನ್ನು ಬೇಗ ಬೇಗ ಮೊಗೆದು ಮಟ್ಟವನ್ನು 40-50 ಸೆಂ.ಮೀ. ಇಳಿಸಿ.

4. ಥರ್ಮೋಕೋಲ್ ತುಂಡಿಗೆ ಅಂಟಿಸಿದ ಟೇಪನ್ನು ಇಳಿಬಿಟ್ಟು, ನೀರು ಎಷ್ಟು ಸೆಕೆಂಡಿಗೆ ಎಷ್ಟು ಸೆಂ.ಮೀ. ಏರುತ್ತದೆ ಎಂದು ನೋಡಿ. ಮೊಬೈಲಿನ ಗಡಿಯಾರ ಸಾಕು.

5. ಇಳಿಸಿದ ಮಟ್ಟದ ಕಾಲಂಶ ತುಂಬುವ ಮೊದಲೇ ಅಳತೆ ನಿಲ್ಲಿಸಿ. ಆ ಬಳಿಕದ ಅಂಕೆಗಳು ಈ ಲೆಕ್ಕಕ್ಕೆ ಸರಿಹೊಂದುವುದಿಲ್ಲ.

ಲೆಕ್ಕಕ್ಕೆ ಅರ್ನ್ಸ್ಟ್ ಎಂಬ ಡಚ್ ತಜ್ಞರು 1950ರಲ್ಲಿ ಕೊಟ್ಟ ಸೂತ್ರವನ್ನು ಬಳಸುತ್ತಾರೆ. ಇದರಲ್ಲಿ ‘ತ್ರಿಜ್ಯ’ ಎಂದರೆ ಗುಳಿಯ ಅಗಲದ ಅರ್ಧ. ‘ನೀರಾಳ’ ಎಂದರೆ ನಿಂತ ನೀರಿನ ಮಟ್ಟದಿಂದ ಗುಳಿಯ ತಳದವರೆಗಿನ ಆಳ. ‘ತಗ್ಗು’ ಎಂದರೆ ಅಳೆಯುವ ಹೊತ್ತಿನಲ್ಲಿ ಗುಳಿಯ ನೀರು ಮೂಲ ಮಟ್ಟಕ್ಕಿಂತ ಸರಾಸರಿ ಎಷ್ಟು ಕೆಳಗಿತ್ತು ಎಂಬುದು. ಎಲ್ಲವೂ ಸೆಂ.ಮೀ. ಲೆಕ್ಕದಲ್ಲಿ.

ಜಲವಾಹಕತೆ = [4000 × ತ್ರಿಜ್ಯ × ತ್ರಿಜ್ಯ] ÷ [(ನೀರಾಳ + 20 × ತ್ರಿಜ್ಯ) × (2 − ತಗ್ಗು ÷ ನೀರಾಳ) × ತಗ್ಗು] × (ಏರಿದ ಸೆಂ.ಮೀ. ÷ ಸೆಕೆಂಡು)

ಉತ್ತರ ದಿನಕ್ಕೆ ಇಷ್ಟು ಮೀಟರ್ ಎಂದು ಬರುತ್ತದೆ. ಉದಾಹರಣೆಗೆ: ತ್ರಿಜ್ಯ 4, ನೀರಾಳ 100. ನೀರು ಮೊಗೆದ ಮೇಲೆ ಮಟ್ಟ 44 ಸೆಂ.ಮೀ. ಕೆಳಗಿತ್ತು. 90 ಸೆಕೆಂಡಿನ ಬಳಿಕ 36 ಸೆಂ.ಮೀ. ಕೆಳಗಿತ್ತು. ಏರಿದ್ದು 8, ಸರಾಸರಿ ತಗ್ಗು 40.

ಮೇಲಿನ ಭಾಗ: 4000 × 4 × 4 = 64000
ಕೆಳಗಿನ ಭಾಗ: (100 + 80) × (2 − 0.4) × 40 = 11520
64000 ÷ 11520 = 5.56
5.56 × (8 ÷ 90) = 0.49

ಈ ಮಣ್ಣಿನ ಜಲವಾಹಕತೆ ದಿನಕ್ಕೆ ಸುಮಾರು 0.5 ಮೀಟರ್.

ಗುಳಿಯ ತಳದಿಂದ ಗಟ್ಟಿ ಪದರ ಇನ್ನೂ ಸಾಕಷ್ಟು ಕೆಳಗೆ, ಅಂದರೆ ನೀರಾಳದ ಅರ್ಧಕ್ಕಿಂತ ಹೆಚ್ಚು ಆಳದಲ್ಲಿ ಇದ್ದಾಗ ಈ ಸೂತ್ರ ಸರಿ. ಗುಳಿಯ ತ್ರಿಜ್ಯವೂ 3ರಿಂದ 7 ಸೆಂ.ಮೀ. ಒಳಗಿರಬೇಕು. ಎಕರೆಗೆ ನಾಲ್ಕೈದು ಗುಳಿಗಳಲ್ಲಿ ಅಳೆಯಿರಿ. ಒಂದು ಗುಳಿಯಲ್ಲಿ ಮಾತ್ರ ನೀರು ವಿಪರೀತ ವೇಗದಲ್ಲಿ ಏರಿದರೆ ಏಡಿಯ ಬಿಲ ಅಥವಾ ಹಳೆಯ ಬೇರಿನ ತೂತು ಸಿಕ್ಕಿರಬಹುದು, ಅದನ್ನು ಬಿಟ್ಟು ಬೇರೆ ಕಡೆ ಕೊರೆಯಿರಿ. ತೋಟದ ಒಂದು ಭಾಗದ ಅಂಕೆಗಳು ಇನ್ನೊಂದಕ್ಕಿಂತ ತುಂಬ ಬೇರೆಯಾದರೆ ಸರಾಸರಿ ತೆಗೆಯಬಾರದು. ಎರಡು ಭಾಗಗಳಿಗೂ ಪ್ರತ್ಯೇಕ ಲೆಕ್ಕ ಮಾಡಬೇಕು.

ದಿನಕ್ಕೆ ಎಷ್ಟು ನೀರು ಬಸಿಯಬೇಕು?

ಬಿದ್ದ ಮಳೆಯೆಲ್ಲ ಮಣ್ಣಿನ ಮೂಲಕ ಬಸಿಯಬೇಕಾಗಿಲ್ಲ. ಜೋರು ಮಳೆಯ ನೀರಿನ ಬಹುಪಾಲು ನೆಲದ ಮೇಲೆಯೇ ಹರಿದು ಹೋಗುತ್ತದೆ, ಹೋಗಬೇಕು ಸಹ. ಬಸಿಗಾಲುವೆಯ ಕೆಲಸ ಮಣ್ಣಿನೊಳಗೆ ಇಳಿದ ನೀರಿನದ್ದು.

ಮಣ್ಣಿನ ಗಾತ್ರದ ಶೇಕಡ 10ರಷ್ಟು ರಂಧ್ರಗಳಿಂದ ನೀರು ಬಸಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಮಣ್ಣಿಗೆ ಇಳಿದ 40 ಮಿ.ಮೀ. ಮಳೆ ನೀರಿನ ಮಟ್ಟವನ್ನು 40 ಸೆಂ.ಮೀ. ಮೇಲಕ್ಕೆ ತರುತ್ತದೆ. ಒಂದೇ ಮಳೆಗೆ ಬೇರಿನ ಬುಡಕ್ಕೆ ನೀರು ತಟ್ಟುವುದು ಹೀಗೆ. ಮಳೆ ನಿಂತ ಮೇಲೆ ಮಟ್ಟ ದಿನಕ್ಕೆ 10 ಸೆಂ.ಮೀ. ಇಳಿಯಬೇಕಾದರೆ ಅದರ ಶೇಕಡ 10, ಅಂದರೆ 1 ಸೆಂ.ಮೀ. ನೀರು ದಿನವೂ ಹೊರಹೋಗಬೇಕು. ಇದನ್ನು ‘ದಿನದ ಬಸಿ’ ಎನ್ನೋಣ. ಇಲ್ಲಿಯ ಉದಾಹರಣೆಗೆ 10 ಮಿ.ಮೀ., ಅಂದರೆ 0.01 ಮೀಟರ್ ಎಂದು ಹಿಡಿದಿದೆ.

ಕಣಿಗಳ ಅಂತರ

ಎರಡು ಕಣಿಗಳ ನಡುವೆ ನೀರಿನ ಮಟ್ಟ ಚಪ್ಪಟೆಯಾಗಿ ಇರುವುದಿಲ್ಲ. ಕಣಿಯ ಹತ್ತಿರ ತಗ್ಗಿದ್ದು, ನಟ್ಟನಡುವೆ ಅತಿ ಎತ್ತರದಲ್ಲಿರುತ್ತದೆ. ನಡುವಿನ ಸಾಲಿನ ಮರಗಳು ಮೊದಲು ಹಳದಿಯಾಗುವುದಕ್ಕೆ ಇದೇ ಕಾರಣ. ಆ ನಡುವಿನ ಎತ್ತರವನ್ನು ಹತೋಟಿಯಲ್ಲಿಡುವ ಅಂತರವನ್ನು ಲೆಕ್ಕ ಮಾಡಲು ಹಾಲೆಂಡಿನ ಹೂಗ್‌ಹೌಟ್ 1940ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ:

ಅಂತರ × ಅಂತರ = [8 × ಜಲವಾಹಕತೆ × ತಳದಾಳ × ಉಬ್ಬು + 4 × ಜಲವಾಹಕತೆ × ಉಬ್ಬು × ಉಬ್ಬು] ÷ ದಿನದ ಬಸಿ

‘ಉಬ್ಬು’ ಎಂದರೆ ಕಣಿಯ ನೀರಿನ ಮಟ್ಟಕ್ಕಿಂತ ನಡುವಿನ ನೀರು ಎಷ್ಟು ಮೇಲಿರಬಹುದು ಎಂಬುದು. ‘ತಳದಾಳ’ ಎಂದರೆ ಕಣಿಯ ನೀರಿನ ಮಟ್ಟದಿಂದ ಕೆಳಗೆ ಗಟ್ಟಿ ಪದರದವರೆಗಿನ ಆಳ. ಆದರೆ ಕಣಿಯ ಬಳಿ ನೀರು ಇಕ್ಕಟ್ಟಾಗಿ ನುಗ್ಗಬೇಕಾದ್ದರಿಂದ ನಿಜವಾದ ಆಳಕ್ಕಿಂತ ಸ್ವಲ್ಪ ಕಡಿಮೆ ಹಿಡಿಯಬೇಕು. ತಳದಾಳ 1 ಮೀಟರ್ ಇದ್ದು, ಕಣಿಯೊಳಗೆ ಒದ್ದೆಯಾಗುವ ತಳ ಮತ್ತು ಬದಿಗಳ ಒಟ್ಟು ಅಗಲ ಅರ್ಧ ಮೀಟರ್ ಇದ್ದರೆ, ಹಿಡಿಯಬೇಕಾದ ಅಂಕೆಗಳು ಹೀಗೆ:

- ಅಂತರ 4 ಮೀಟರ್ ಆದರೆ 0.69
- ಅಂತರ 10 ಮೀಟರ್ ಆದರೆ 0.85
- ಅಂತರ 13 ಮೀಟರ್ ಆದರೆ 0.88
- ಅಂತರ 40 ಮೀಟರ್ ಆದರೆ 0.96

ಮೊದಲು ಒಂದು ಅಂತರ ಊಹಿಸಿ ಲೆಕ್ಕ ಮಾಡಿ. ಬಂದ ಉತ್ತರ ಊಹೆಗಿಂತ ದೂರವಿದ್ದರೆ ಆ ಉತ್ತರಕ್ಕೆ ಹೊಂದುವ ಅಂಕೆಯಿಂದ ಇನ್ನೊಮ್ಮೆ ಮಾಡಿ.

ಮೇಲೆ ಅಳೆದ ತೋಟಕ್ಕೇ ಹಾಕಿ ನೋಡೋಣ. ಗಟ್ಟಿ ಪದರ ನೆಲದಿಂದ 2 ಮೀಟರ್ ಕೆಳಗಿದೆ. ಕಣಿಯ ಆಳ 1.1 ಮೀಟರ್, ಅದರಲ್ಲಿ 10 ಸೆಂ.ಮೀ. ನೀರು ಹರಿಯುತ್ತದೆ. ಆದ್ದರಿಂದ ಕಣಿಯ ನೀರಿನ ಮಟ್ಟ ನೆಲದಿಂದ 1 ಮೀಟರ್ ಕೆಳಗೆ, ತಳದಾಳ 1 ಮೀಟರ್. ಅಡಿಕೆ ಬೇರಿನ ಹೆಚ್ಚಿನ ಭಾಗ ಮೇಲಿನ ಎರಡು ಅಡಿಯ ಆಸುಪಾಸಿನಲ್ಲೇ ಇರುವುದರಿಂದ ನಡುವಿನ ನೀರು ನೆಲದಿಂದ 60 ಸೆಂ.ಮೀ. ಕೆಳಗೆ ಉಳಿಯಬೇಕು. ಹಾಗಾಗಿ ಉಬ್ಬು 0.4 ಮೀಟರ್.

8 × 0.5 × 0.88 × 0.4 = 1.408
4 × 0.5 × 0.4 × 0.4 = 0.32
ಒಟ್ಟು 1.728 ÷ 0.01 = 172.8
172.8ರ ವರ್ಗಮೂಲ = 13.1 ಮೀಟರ್

ಅಡಿಕೆ ಸಾಲುಗಳ ಅಂತರ 2.7 ಮೀಟರ್ ಆದರೆ ಐದು ಸಾಲಿಗೆ 13.5 ಮೀಟರ್, ಸ್ವಲ್ಪ ಹೆಚ್ಚಾಯಿತು. ನಾಲ್ಕು ಸಾಲಿಗೊಂದು ಕಣಿ, ಅಂದರೆ 10.8 ಮೀಟರ್ ಇಟ್ಟರೆ ದಿನಕ್ಕೆ 14 ಮಿ.ಮೀ.ನಷ್ಟು ಬಸಿ ಸಿಗುತ್ತದೆ. ಈ ತೋಟದಲ್ಲಿ ಎರಡು ಸಾಲಿಗೊಂದು ಕಣಿ ತೆಗೆಯುವುದು ಅನಗತ್ಯ ಖರ್ಚು.

ಈಗ ಮಳೆ, ಆಳ ಎಲ್ಲವನ್ನೂ ಹಾಗೆಯೇ ಇಟ್ಟು ಮಣ್ಣನ್ನು ಮಾತ್ರ ಬದಲಾಯಿಸಿ. ಜಲವಾಹಕತೆ 0.05 ಇರುವ ಅಂಟು ಜೇಡಿಯಲ್ಲಿ ಅಂತರ 4 ಮೀಟರಿಗಿಂತಲೂ ಕಡಿಮೆ ಬರುತ್ತದೆ. ಎರಡು ಸಾಲಿಗೊಂದು ಕಣಿ ಇದ್ದರೂ ಅಲ್ಲಿ ಸಾಲದು. ಜಲವಾಹಕತೆ 5 ಇರುವ ಮರಳು ನೆಲದಲ್ಲಾದರೆ ಅಂತರ 43 ಮೀಟರ್. ಕರಾವಳಿಯ ಹೊಯ್ಗೆ ನೆಲ, ಗುಡ್ಡದ ಬದಿಯ ಮುರಕಲ್ಲಿನ ಮಣ್ಣು, ಕಣಿವೆಯ ಹಳೆಯ ಗದ್ದೆ ಮೂರೂ ಒಂದೇ ಪಂಚಾಯತಿನಲ್ಲಿ ಸಿಗುವ ಕಾಸರಗೋಡಿನಲ್ಲಿ ‘ಇಷ್ಟು ಸಾಲಿಗೊಂದು’ ಎಂಬ ಒಂದೇ ಕಟ್ಟಳೆ ನಡೆಯದಿರುವುದು ಈ ಕಾರಣಕ್ಕೆ.

ಅಂಟು ಜೇಡಿಯಲ್ಲಿ ಕಣಿಯನ್ನು ನಂಬಿ ಕೂರುವುದಕ್ಕಿಂತ ಏರಿ ಮಾಡಿ ನೆಡುವುದು, ನೆಲದ ಮೇಲಿನ ನೀರು ನಿಲ್ಲದಂತೆ ಇಳಿಜಾರು ಕೊಡುವುದು, ಸೊಪ್ಪು-ಗೊಬ್ಬರದಿಂದ ಮಣ್ಣನ್ನು ಸಡಿಲಗೊಳಿಸುವುದು ಹೆಚ್ಚು ಫಲಕಾರಿ. ಒದ್ದೆ ಜೇಡಿಯ ಮೇಲೆ ಭಾರದ ಯಂತ್ರ ಓಡಿದರೆ ಮಣ್ಣು ಅದುಮಿ ಜಲವಾಹಕತೆ ಇನ್ನಷ್ಟು ಕುಸಿಯುತ್ತದೆ ಎಂಬುದೂ ನೆನಪಿರಲಿ.

ಆಳ ಹೆಚ್ಚಿಸಿದರೆ?

ಮೇಲಿನ ತೋಟದಲ್ಲೇ ಕಣಿಯನ್ನು ಇನ್ನೊಂದು ಅಡಿ, ಅಂದರೆ 30 ಸೆಂ.ಮೀ. ಆಳ ಮಾಡಿದರೆ ಉಬ್ಬು 0.7 ಆಗುತ್ತದೆ. ತಳದಾಳ 0.7ಕ್ಕೆ ಇಳಿದು, ಲೆಕ್ಕಕ್ಕೆ ಹಿಡಿಯುವುದು 0.68. ಅಂತರ 13ರಿಂದ ಸುಮಾರು 17 ಮೀಟರಿಗೆ ಏರುತ್ತದೆ, ಅಂದರೆ ಆರು ಸಾಲಿಗೊಂದು ಕಣಿ ಸಾಕು.

ಲಾಭದಂತೆ ಕಂಡರೂ ಎರಡು ವಿಷಯ ನೋಡಬೇಕು. ಮೊದಲನೆಯದು, ಆಷಾಢದಲ್ಲಿ ತೋಡಿನ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು. ಕಣಿಯ ಬಾಯಿ ತೋಡಿನ ಮಳೆಗಾಲದ ಮಟ್ಟಕ್ಕಿಂತ ಕೆಳಗಾದರೆ ನೀರು ಹೊರಹೋಗುವ ಬದಲು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ತೋಡು ನೋಡಿ ಕಣಿಯ ಆಳ ನಿಶ್ಚಯಿಸಬಾರದು. ಎರಡನೆಯದು, ಆಳದ ಕಣಿ ಮಳೆಗಾಲ ಮುಗಿದ ಮೇಲೂ ನೀರು ಎಳೆಯುತ್ತಲೇ ಇರುತ್ತದೆ. ಇದಕ್ಕೆ ಪರಿಹಾರ ನಮ್ಮ ಹಿರಿಯರ ‘ಕಟ್ಟ’ದಲ್ಲೇ ಇದೆ. ಮಳೆ ಹಿಂದೆ ಸರಿದ ಕೂಡಲೇ ಕಣಿಯ ಬಾಯಿಗೆ ಹಲಗೆ ಅಥವಾ ಮಣ್ಣಿನ ಮೂಟೆ ಇಟ್ಟು ನೀರು ತಡೆದರೆ ತೋಟದ ಒಳಗಿನ ಮಟ್ಟ ನಿಧಾನವಾಗಿ ಇಳಿಯುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ತೆಗೆದು ಹೂಳೆತ್ತಬೇಕು.

ಕಣಿಯ ಗಾತ್ರ

ಒಂದು ಎಕರೆಯಿಂದ ದಿನಕ್ಕೆ 10 ಮಿ.ಮೀ. ಬಸಿದರೆ ಸುಮಾರು 40,000 ಲೀಟರ್, ಅಂದರೆ ಸೆಕೆಂಡಿಗೆ ಅರ್ಧ ಲೀಟರಿಗಿಂತ ಕಡಿಮೆ. ತೋಟದೊಳಗಿನ ಸಣ್ಣ ಕಣಿಗೆ ಇದು ಹೊರೆಯೇ ಅಲ್ಲ. ಆದರೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದು ಅಷ್ಟೂ ನೆಲದ ಮೇಲೆ ಹರಿದು ಬಂದರೆ ಎಕರೆಗೆ ಸೆಕೆಂಡಿಗೆ 56 ಲೀಟರ್. ಆದ್ದರಿಂದ ಕಣಿಗಳ ಅಂತರವನ್ನು ಮಣ್ಣಿನೊಳಗಿನ ನೀರಿಗೂ, ಅವೆಲ್ಲ ಕೂಡುವ ಹೆಗ್ಗಣಿಯ ಗಾತ್ರವನ್ನು ನೆಲದ ಮೇಲಿನ ನೀರಿಗೂ ಹೊಂದಿಸಬೇಕು. ಗುಡ್ಡದ ನೀರನ್ನು ತೋಟದೊಳಗೆ ಬಿಡದೆ ಮೇಲಿನಿಂದಲೇ ಬದಿಗೆ ತಿರುಗಿಸಿದರೆ ಹೆಗ್ಗಣಿ ಚಿಕ್ಕದಾದರೂ ಸಾಕು.

ಕಣಿಗೆ 100 ಮೀಟರಿಗೆ 20ರಿಂದ 50 ಸೆಂ.ಮೀ. ಇಳಿಜಾರು ಸಾಕು. ಹೆಚ್ಚಾದರೆ ಮಣ್ಣು ಕೊಚ್ಚಿಹೋಗುತ್ತದೆ. ಅಂಥಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಬೇಕು.

ಈ ಲೆಕ್ಕದ ಮಿತಿಗಳು

ಡಾರ್ಸಿ ನಿಯಮ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನಿಧಾನವಾಗಿ ಹರಿಯುವ ನೀರಿಗೆ ಅನ್ವಯಿಸುತ್ತದೆ. ಮುರಕಲ್ಲಿನ ನಡುವೆ ಕೆಲವೆಡೆ ಇರುವ ದೊಡ್ಡ ಟೊಳ್ಳುಗಳಲ್ಲಿ ನೀರು ಪೈಪಿನಲ್ಲಿ ಹರಿದಂತೆ ಹರಿಯುತ್ತದೆ. ಅಲ್ಲಿ ಈ ಅಂಕೆಗಳು ಸಲ್ಲವು.

ಎಲ್ಲ ಹಳದಿಗೂ ನೀರು ನಿಂತದ್ದೇ ಕಾರಣವಲ್ಲ. ಬುಡ ಕೊಳೆಯುವ ಅಣಬೆ ರೋಗ ನೀರು ನಿಲ್ಲುವ ತೋಟಗಳಲ್ಲಿ ಹೆಚ್ಚು, ಅಲ್ಲಿ ಬಸಿಗಾಲುವೆ ಸಹಾಯಕ. ಆದರೆ ಅಡಿಕೆಯ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದ್ದು, ಕಣಿ ತೆಗೆದರೆ ಅದು ವಾಸಿಯಾಗುವುದಿಲ್ಲ. ಕೆಲಸ ಶುರು ಮಾಡುವ ಮೊದಲು ರೋಗ ಯಾವುದೆಂದು ಕೃಷಿಭವನದಲ್ಲಿ ಅಥವಾ ಕಾಸರಗೋಡಿನ ಸಿಪಿಸಿಆರ್‌ಐಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ.

ಗದ್ದೆಯ ಮಾತು ಬೇರೆ. ಕೇರಳದ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ (2008) ಪ್ರಕಾರ ಡಾಟಾ ಬ್ಯಾಂಕಿನಲ್ಲಿ ಸೇರಿದ ಗದ್ದೆಯನ್ನು ಅನುಮತಿಯಿಲ್ಲದೆ ತೋಟವಾಗಿ ಮಾರ್ಪಡಿಸುವಂತಿಲ್ಲ. ನಿಮ್ಮ ಸರ್ವೆ ನಂಬರ್ ಅದರಲ್ಲಿ ಇದೆಯೇ ಎಂದು ಕೃಷಿಭವನ ಮತ್ತು ವಿಲ್ಲೇಜ್ ಆಫೀಸಿನಲ್ಲಿ ವಿಚಾರಿಸಿಯೇ ಕಣಿಗೆ ಕೈಹಾಕುವುದು ಒಳ್ಳೆಯದು. ನಿಮ್ಮ ಕಣಿಯ ನೀರು ಕೆಳಗಿನವರ ಜಾಗಕ್ಕೆ ಇಳಿಯುವುದಾದರೆ ಅವರೊಡನೆ ಮೊದಲೇ ಮಾತಾಡಿ, ತೋಡಿನವರೆಗಿನ ದಾರಿಯನ್ನು ಇಬ್ಬರೂ ಸೇರಿ ಗುರುತಿಸಿ.

ನೆನಪಿಡಬೇಕಾದ ಕ್ರಮ

1. ಮಳೆಗಾಲದಲ್ಲಿ ನೀರಿನ ಮಟ್ಟ, ಗಟ್ಟಿ ಪದರದ ಆಳ ಮತ್ತು ತೋಡಿನ ಮಟ್ಟವನ್ನು ಗುರುತಿಸಿ.
2. ನಾಲ್ಕೈದು ಗುಳಿಗಳಲ್ಲಿ ಜಲವಾಹಕತೆ ಅಳೆಯಿರಿ.
3. ಗುಡ್ಡದ ನೀರಿಗೆ ತಡೆಗಣಿ ಬೇಕೇ ಎಂದು ನೋಡಿ.
4. ಅಂತರ ಲೆಕ್ಕ ಮಾಡಿ, ಸಾಲಿನ ಅಳತೆಗೆ ಸ್ವಲ್ಪ ಕಡಿಮೆಗೇ ಹೊಂದಿಸಿ.
5. ಮೊದಲ ವರ್ಷ ಲೆಕ್ಕದಷ್ಟೇ ಕಣಿ ತೆಗೆದು, ಎರಡು ಕಣಿಗಳ ನಟ್ಟನಡುವೆ ಒಂದು ಗುಳಿ ಉಳಿಸಿಕೊಂಡು ಮಳೆಗಾಲವಿಡೀ ನೀರಿನ ಮಟ್ಟ ಬರೆದಿಡಿ.

ಆ ಗುಳಿಯ ನೀರು ಮಳೆ ಬಿಟ್ಟ ನಾಲ್ಕೈದು ದಿನಗಳಲ್ಲಿ 60 ಸೆಂ.ಮೀ.ಗಿಂತ ಕೆಳಗೆ ಇಳಿದರೆ ಕಣಿಗಳು ಸಾಕು. ಇಳಿಯದಿದ್ದರೆ ಮುಂದಿನ ವರ್ಷ ನಡುವೆ ಇನ್ನೊಂದು ಕಣಿ ಸೇರಿಸಬಹುದು. ಕಡಿಮೆಯಿದ್ದ ಕಣಿಯನ್ನು ಸೇರಿಸುವುದು ಸುಲಭ, ಹೆಚ್ಚಾಗಿ ತೆಗೆದ ಕಣಿಯನ್ನು ಮುಚ್ಚಿ ಮಣ್ಣನ್ನು ಮೊದಲಿನಂತೆ ಮಾಡುವುದು ಕಷ್ಟ.